ಸುರಂಗದ ಬಂಡೆಗೆ ರಾಕ್ ಬೋಲ್ಟ್ ಹಾಕುವ ಕ್ರಮ: ಗಣಿ ಕೆಲಸಕ್ಕೆ ಹೊಸಬರಾದವರಿಗೆ

ಕೆಜಿಎಫ್, ಬಂಗಾರಪೇಟೆ, ಮಾಲೂರು ಕಡೆಯಿಂದ ಗಣಿ ಕೆಲಸಕ್ಕೆ ಹೊರಡುವ ಹುಡುಗರಲ್ಲಿ ಕೆಲವರು ಹಟ್ಟಿಗೆ ಹೋಗುತ್ತಾರೆ. ಕೆಲವರು ರಾಜಸ್ಥಾನದ ಸತುವಿನ ಗಣಿಗೆ, ಇನ್ನು ಕೆಲವರು ಹಿಮಾಲಯದ ಸುರಂಗಗಳಿಗೆ. ಎಲ್ಲಿಗೇ ಹೋಗಲಿ, ಹೊರಡುವ ಮೊದಲು ಕೇಳುವ ಪ್ರಶ್ನೆ ಒಂದೇ. "ತಲೆ ಮೇಲೆ ಅಷ್ಟು ಬಂಡೆ ಇರುತ್ತೆ. ಹೆಬ್ಬೆರಳು ದಪ್ಪದ ಕಂಬಿ ಅದನ್ನ ಹೇಗೆ ತಡೆಯುತ್ತೆ?" 2023ರ ನವೆಂಬರ್‌ನಲ್ಲಿ ಉತ್ತರಾಖಂಡದ ಸಿಲ್ಕ್ಯಾರಾ ಸುರಂಗ ಕುಸಿದು 41 ಜನ 17 ದಿನ ಒಳಗೇ ಸಿಕ್ಕಿಕೊಂಡರಲ್ಲ, ಆಮೇಲೆ ಮನೆಯವರೂ ಇದನ್ನೇ ಕೇಳುತ್ತಿದ್ದಾರೆ.

ತಡೆಯುವುದಿಲ್ಲ ಅನ್ನುವುದೇ ಉತ್ತರ. ಲೆಕ್ಕ ಹಾಕಿ ನೋಡಿ. ನಮ್ಮ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿಲೋಮೀಟರ್ ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಒಂದು ಚದರ ಮೀಟರ್ ಜಾಗದ ಮೇಲೆ ಕೂತಿರುವ ಬಂಡೆಯ ತೂಕ 8,000 ಟನ್‌ಗೂ ಜಾಸ್ತಿ. 20 ಮಿಲಿಮೀಟರ್ ದಪ್ಪದ ಒಳ್ಳೆಯ ಉಕ್ಕಿನ ಕಂಬಿ ಹಿಗ್ಗದೆ ತಾಳುವುದು ಸುಮಾರು 16 ಟನ್. ಯಾವ ಮೂಲೆಗೆ ಸಾಲುತ್ತದೆ?

ಬಂಡೆಯನ್ನು ಹಿಡಿಯುವುದು ಬಂಡೆಯೇ. ಸುರಂಗ ತೋಡಿದಾಗ ಮೇಲಿನ ಭಾರ ಅಕ್ಕಪಕ್ಕದ ಗಟ್ಟಿ ಬಂಡೆಗೆ ಸರಿದುಕೊಳ್ಳುತ್ತದೆ, ಹಳೆ ಸೇತುವೆಯ ಕಮಾನಿನಲ್ಲಿ ಆಗುವ ಹಾಗೆ. ಸುರಂಗದ ಸುತ್ತಲಿನ ಒಂದೆರಡು ಮೀಟರ್ ಮಾತ್ರ ಸಡಿಲವಾಗುತ್ತದೆ. ಸಿಡಿಮದ್ದಿನ ಪೆಟ್ಟು ಬಿದ್ದಿರುತ್ತದೆ, ಮೊದಲೇ ಇದ್ದ ಸಂದುಗಳು ಬಾಯಿ ಬಿಟ್ಟಿರುತ್ತವೆ. ಬೋಲ್ಟ್, ಅಂದರೆ ಬಂಡೆಗೆ ತೂತು ಕೊರೆದು ಕೂರಿಸುವ ಆ ಕಂಬಿ. ಅದರ ಕೆಲಸ ಈ ಸಡಿಲ ಭಾಗವನ್ನು ಹೊಲಿದು ಒಂದು ಮಾಡುವುದು. ನಾಲ್ಕು ತೆಳು ಹಲಗೆಯನ್ನು ಒಂದರ ಮೇಲೊಂದು ಸುಮ್ನೆ ಇಟ್ಟು ಮೇಲೆ ನಿಂತರೆ ಬಾಗುತ್ತವೆ. ಮೊಳೆ ಹೊಡೆದು ಸೇರಿಸಿ ನಿಂತು ನೋಡಿ, ಅಷ್ಟೊಂದು ಬಾಗುವುದಿಲ್ಲ.

ಕೆಜಿಎಫ್‌ನಲ್ಲಿ ಅದಿರು ತೆಗೆದ ಖಾಲಿ ಜಾಗಕ್ಕೆ ಹಿಂದೆ ಮರದ ದಿಮ್ಮಿ ಕೊಡುತ್ತಿದ್ದರು, ಗ್ರಾನೈಟ್ ಕಲ್ಲಿನ ಗೋಡೆ ಕಟ್ಟುತ್ತಿದ್ದರು. ಅದು ಹೊರಗಿನಿಂದ ಕೊಡುವ ಆಸರೆ. ಅದಕ್ಕೆ ಸಪೋರ್ಟ್ ಅನ್ನುತ್ತಾರೆ. ಬೋಲ್ಟ್ ಬಂಡೆಯ ಒಳಗೇ ಕೂತು ಬಂಡೆಗೆ ಬಲ ಕೊಡುತ್ತದೆ. ಅದು ರೀಇನ್‌ಫೋರ್ಸ್‌ಮೆಂಟ್.

ಇದರಲ್ಲಿ ಒಂದು ದೊಡ್ಡ ತೊಂದರೆ ಇದೆ. ಕಲ್ಲಿನ ಗೋಡೆ ಸೊಟ್ಟಗಿದ್ದರೆ ಕಣ್ಣಿಗೆ ಕಾಣುತ್ತದೆ. ಬೋಲ್ಟ್ ಕೆಟ್ಟದಾಗಿ ಕೂತಿದ್ದರೆ ಕಾಣುವುದೇ ಇಲ್ಲ. ಕೆಳಗಿನಿಂದ ನೋಡಿದವರಿಗೆ ಕಾಣುವುದು ಒಂದು ಪ್ಲೇಟ್, ಒಂದು ನಟ್. ಒಳಗೆ ಎರಡೂವರೆ ಮೀಟರ್ ಗಟ್ಟಿಯಾಗಿ ಅಂಟಿದೆಯೋ, ಅರ್ಧ ಖಾಲಿ ಇದೆಯೋ, ಹಾಕಿದವನಿಗೆ ಮಾತ್ರ ಗೊತ್ತು. ಎಷ್ಟೋ ಸಲ ಅವನಿಗೂ ಗೊತ್ತಿರುವುದಿಲ್ಲ. ಕೆಳಗಿನ ಹಂತಗಳನ್ನು ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ.

ಶುರು ಮಾಡುವ ಮೊದಲು ಎರಡು ಮಾತು

ಒಂದು: ಇದು ನಿಮ್ಮ ಗಣಿಯ ಸಪೋರ್ಟ್ ಪ್ಲಾನ್‌ಗೆ ಬದಲಿ ಅಲ್ಲ. ನಮ್ಮ ದೇಶದಲ್ಲಿ ಲೋಹದ ಗಣಿಗಳು 2025ರ ನವೆಂಬರ್‌ವರೆಗೆ 1952ರ ಗಣಿ ಕಾಯ್ದೆ ಮತ್ತು 1961ರ ಲೋಹ ಗಣಿ ನಿಯಮಾವಳಿಯ ಕೆಳಗೆ ನಡೆಯುತ್ತಿದ್ದವು. ಈಗ ಆ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸುರಕ್ಷತಾ ಸಂಹಿತೆ ಬಂದಿದೆ. ಗಣಿಗಳ ಸುರಕ್ಷತೆ ನೋಡಿಕೊಳ್ಳುವುದು ಧನಬಾದ್‌ನಲ್ಲಿ ಮುಖ್ಯ ಕಚೇರಿ ಇರುವ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ. ಬೋಲ್ಟ್ ಎಷ್ಟು ಉದ್ದ, ಎಷ್ಟು ದೂರಕ್ಕೊಂದು ಅಂತ ತೀರ್ಮಾನ ಮಾಡುವುದು ಮ್ಯಾನೇಜರ್ ಮತ್ತು ಇಂಜಿನಿಯರ್. ಹೆಚ್ಚಿಗೆ ಬೇಕು ಅನ್ನಿಸಿದರೆ ನೀವು ಕೇಳಬಹುದು. ಕಡಿಮೆ ಮಾಡುವ ಹಕ್ಕು ನಿಮಗಿಲ್ಲ.

ಎರಡು: ಇದನ್ನು ಓದಿ ಯಾರೂ ಕೆಜಿಎಫ್‌ನ ಮುಚ್ಚಿದ ಗಣಿಗಳ ಕಡೆ ಹೋಗಬೇಡಿ. 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿದ ಮೇಲೆ ಒಳಗೆ ನೀರು ತುಂಬಿದೆ. ಗಾಳಿ ಆಡುವುದಿಲ್ಲ. ಉಸಿರಾಡುವ ಗಾಳಿ ಇಲ್ಲದ ಕಡೆ ಬೋಲ್ಟ್ ಎಷ್ಟು ಗಟ್ಟಿಯಿದ್ದು ಏನು ಪ್ರಯೋಜನ?

ಏನೇನು ಬೇಕು

ಉದ್ದದ ಹಾರೆ, ಒಳ್ಳೆಯ ಟಾರ್ಚ್, ನೀರಿನ ಪೈಪು. ನೀರು ಬಿಟ್ಟುಕೊಂಡು ಕೊರೆಯುವ ಡ್ರಿಲ್. ಸರಿಯಾದ ಅಳತೆಯ ಬಿಟ್, ಅಂದರೆ ಡ್ರಿಲ್‌ನ ಕೊರೆಯುವ ತುದಿ, ಮತ್ತು ಆ ಬಿಟ್ ಸವೆದಿದೆಯಾ ಅಂತ ನೋಡುವ ಗೇಜ್. ಬೋಲ್ಟ್, ಪ್ಲೇಟ್, ಗುಮ್ಮಟದ ವಾಷರ್, ನಟ್. ಕಂಬಿ ಅಂಟಿಸಲು ರೆಸಿನ್ ಅನ್ನುವ ಅಂಟು ಅಥವಾ ಸಿಮೆಂಟ್. ಕಬ್ಬಿಣದ ಬಲೆ, ಅಂದರೆ ಮೆಶ್. ಎಳೆದು ನೋಡಲು ಪುಲ್ ಟೆಸ್ಟ್ ಜಾಕ್. ಬಣ್ಣದ ಸ್ಪ್ರೇ. ಒಂದು ನೋಟ್‌ಬುಕ್. ನೋಟ್‌ಬುಕ್ ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಹಂತ 1: ಬಂಡೆ ಓದಿ

ಬಂಡೆಯಲ್ಲಿ ಸಹಜವಾಗಿ ಇರುವ ಸಂದಿಗೆ ಜಾಯಿಂಟ್ ಅನ್ನುತ್ತಾರೆ. ಇದನ್ನು ಕಲಿಯಲು ಗಣಿಗೇ ಇಳಿಯಬೇಕಾಗಿಲ್ಲ. ಕೋಲಾರದ ಅಂತರಗಂಗೆ ಬೆಟ್ಟ ಹತ್ತಿ. ಅಲ್ಲಿನ ಗುಂಡುಗಳು ಹೇಗೆ ಸೀಳಿವೆ ನೋಡಿ. ಒಂದು ಸಾಲು ಸಂದು ಹೀಗೆ, ಇನ್ನೊಂದು ಸಾಲು ಅಡ್ಡಕ್ಕೆ. ಒಂದೇ ಸಾಲು ಇದ್ದರೆ ಬಂಡೆ ಚಪ್ಪಡಿಯಾಗಿ ಏಳುತ್ತದೆ. ಮೂರು ಸಾಲು ಸೇರಿದರೆ ತುಂಡು ಪೂರ್ತಿ ಬಿಡಿಸಿಕೊಂಡು ಬೀಳಬಲ್ಲದು. ಸುರಂಗದ ರೂಫ್‌ನಲ್ಲಿ, ಅಂದರೆ ತಲೆ ಮೇಲಿನ ಬಂಡೆಯಲ್ಲಿ, ಮೂರು ಸಂದು ಒಂದು ಕಡೆ ಸೇರುವುದು ಕಂಡರೆ ಅಲ್ಲಿ ನಿಲ್ಲಬೇಡಿ.

ನಾಲ್ಕು ವಿಷಯ ಬರೆದುಕೊಳ್ಳಿ. ಎಷ್ಟು ಸಾಲು ಸಂದು ಇದೆ? ಎಷ್ಟು ದೂರಕ್ಕೊಂದು? ಸಂದಿನೊಳಗೆ ಏನಿದೆ, ಒಣ ಕಲ್ಲಾ ಅಥವಾ ಜಾರುವ ಜೇಡಿಯಾ? ನೀರು ಜಿನುಗುತ್ತಿದೆಯಾ? ಇಂಜಿನಿಯರ್‌ಗಳು ಬಂಡೆಗೆ ಅಂಕ ಕೊಡುವ ಪದ್ಧತಿಗಳಲ್ಲೂ ಮುಖ್ಯವಾಗಿ ಇದೇ ಇರುವುದು. 1973ರಲ್ಲಿ ಬಂದ ಆರ್‌ಎಮ್‌ಆರ್‌ನಲ್ಲಿ ಬಂಡೆಗೆ ನೂರಕ್ಕೆ ಇಷ್ಟು ಅಂತ ಅಂಕ. 1974ರಲ್ಲಿ ನಾರ್ವೆಯಿಂದ ಬಂದ ಕ್ಯೂ ಪದ್ಧತಿಯಲ್ಲಿ 0.001ರಿಂದ 1,000ದವರೆಗೆ. ಹೆಸರು ಕೇಳಿ ಹೆದರಬೇಡಿ. ಅಂಕ ಅವರು ಹಾಕುತ್ತಾರೆ. ಜೇಡಿ ಕಂಡದ್ದನ್ನು, ನೀರು ಕಂಡದ್ದನ್ನು ಅವರಿಗೆ ಹೇಳಬೇಕಾದವರು ನೀವು.

ಒಂದು ವಿಷಯ ನಮ್ಮ ಕಡೆಯವರಿಗೆ ವಿಶೇಷವಾಗಿ ಹೇಳಬೇಕು. ಎಲ್ಲರೂ ತಲೆ ಎತ್ತಿ ರೂಫ್ ನೋಡುತ್ತಾರೆ. ಪಕ್ಕ ನೋಡುವುದಿಲ್ಲ. ಕೋಲಾರದ ಚಿನ್ನದ ಪಟ್ಟಿ ಉತ್ತರ-ದಕ್ಷಿಣವಾಗಿ ಹಬ್ಬಿದೆ. ಅದಿರಿನ ಎಳೆಗಳು ಪಶ್ಚಿಮಕ್ಕೆ ಕಡಿದಾಗಿ ಇಳಿಯುತ್ತವೆ. ಎಳೆಯ ಜೊತೆಜೊತೆಗೆ ಸುರಂಗ ಹೋದರೆ ಕಲ್ಲಿನ ಪದರಗಳು ಹೆಚ್ಚುಕಮ್ಮಿ ಪಕ್ಕದ ಗೋಡೆಗೆ ಸಮನಾಗಿ ನಿಂತಿರುತ್ತವೆ, ಕಪಾಟಿನಲ್ಲಿ ನಿಲ್ಲಿಸಿದ ಪುಸ್ತಕಗಳ ಹಾಗೆ. ಇಂಥ ಕಡೆ ರೂಫ್ ಗಟ್ಟಿಯಾಗೇ ಇರಬಹುದು. ಗೋಡೆ ಚಪ್ಪಡಿ ಚಪ್ಪಡಿಯಾಗಿ ಒಳಕ್ಕೆ ಬಾಗಿ ಕಳಚುತ್ತದೆ. ಇಳಿಜಾರಿನ ಪದರದಲ್ಲಿ ಅದಿರು ಹುಡುಕುವ ಯಾವ ಗಣಿಗೆ ಹೋದರೂ ಇದನ್ನು ಮರೆಯಬೇಡಿ. ಬೋಲ್ಟ್ ಗೋಡೆಗೂ ಬೇಕು.

ಹಂತ 2: ಸಡಿಲ ಕಲ್ಲು ಕೆಡವಿ

ಇದಕ್ಕೆ ಸ್ಕೇಲಿಂಗ್ ಅನ್ನುತ್ತಾರೆ. ಬೋಲ್ಟ್ ಹಾಕುವ ಮೊದಲು ಹಾರೆಯಿಂದ ಸಡಿಲ ಕಲ್ಲುಗಳನ್ನು ಬೀಳಿಸುವ ಕೆಲಸ. ಬ್ಲಾಸ್ಟ್ ಆದ ಮೇಲೆ ಹೊಗೆ ಹೋಗುವವರೆಗೆ ಕಾಯಿರಿ. ಸಿಡಿಯದೆ ಉಳಿದ ಮದ್ದು ಇದೆಯಾ ಅಂತ ಹೊಣೆ ಇರುವವರು ನೋಡಿ ಬರಲಿ. ಆಮೇಲೆ ನೀರು ಹೊಡೆದು ಬಂಡೆ ತೊಳೆಯಿರಿ. ದೂಳು ಮುಚ್ಚಿದ ಬಿರುಕು ತೊಳೆದರೆ ತಾನೇ ಕಾಣುವುದು?

ಹಾರೆಯಿಂದ ತಟ್ಟಿ ಕೇಳಿ. ಟಣ್ ಅಂದರೆ ಗಟ್ಟಿ. ಡೊಬ್ ಅಂದರೆ ಒಳಗೆ ಪೊಳ್ಳು, ಹಿಂದೆ ಸಂದು ಬಿಟ್ಟಿದೆ. ಚಿಕ್ಕಬಳ್ಳಾಪುರದ ಕ್ವಾರಿಗಳಲ್ಲಿ ಕಲ್ಲು ಒಡೆಯುವವರು ಸುತ್ತಿಗೆಯಲ್ಲಿ ಮಾಡುವುದೂ ಇದನ್ನೇ. ಸಂತೆಯಲ್ಲಿ ತೆಂಗಿನಕಾಯಿ ತಟ್ಟಿ ತಗೊಳ್ಳುವ ಅಭ್ಯಾಸ ಇದ್ದರೆ ಕಿವಿ ಬೇಗ ಪಳಗುತ್ತದೆ. ಒಂದು ಎಚ್ಚರಿಕೆ: ಹಿಂದಿನ ಸಂದು ತುಂಬಾ ಆಳದಲ್ಲಿದ್ದರೆ ದಪ್ಪ ಚಪ್ಪಡಿಯೂ ಟಣ್ ಅಂತಲೇ ಕೇಳಿಸಬಹುದು. ಸದ್ದನ್ನು ನಂಬಿ, ಆದರೆ ಸದ್ದನ್ನೊಂದನ್ನೇ ನಂಬಬೇಡಿ.

ಇಲ್ಲಿ ಜನ ಮಾಡುವ ತಪ್ಪುಗಳು ಮೈಗೇ ಬರುತ್ತವೆ. ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಿ.

ಗಟ್ಟಿ ಜಾಗದಲ್ಲಿ ನಿಂತು ಸಡಿಲ ಜಾಗದ ಕಡೆ ಹೋಗಿ. ಅಂದರೆ ಈಗಾಗಲೇ ಬೋಲ್ಟ್ ಹಾಕಿರುವ ಭಾಗದಿಂದ ಫೇಸ್ ಕಡೆಗೆ. ಫೇಸ್ ಅಂದರೆ ಸುರಂಗ ಮುಂದಕ್ಕೆ ಹೋಗುವ ತುದಿ. ಕೆಡವುವ ಕಲ್ಲಿನ ಕೆಳಗೆ ಯಾವತ್ತೂ ನಿಲ್ಲಬೇಡಿ. ಹಾರೆ ಓರೆಯಾಗಿರಲಿ. ಹಾರೆಯ ಹಿಂದಿನ ತುದಿ ಹೊಟ್ಟೆಯ ನೇರಕ್ಕೆ ಬರಬಾರದು, ಮೈಯ ಪಕ್ಕದಲ್ಲಿ ಇರಬೇಕು. ಕಲ್ಲು ಹಾರೆಯ ಮೇಲೇ ಜಾರಿಬಂದರೆ ಹೊಟ್ಟೆಗೆ ಚುಚ್ಚುತ್ತದೆ. ಹಿಂದೆ ಸರಿಯಲು ದಾರಿ ಖಾಲಿ ಇರಲಿ. ಪೈಪು, ಡ್ರಿಲ್ ರಾಡ್ ಕಾಲಿಗೆ ಅಡ್ಡ ಇಟ್ಟುಕೊಂಡು ಸ್ಕೇಲಿಂಗ್ ಮಾಡುವವರನ್ನು ಕಂಡರೆ ಬೈಯಿರಿ. ಒಬ್ಬರು ಕೆಡವಿದರೆ ಇನ್ನೊಬ್ಬರು ಬೆಳಕು ಹಿಡಿದು ನೋಡುತ್ತಿರಲಿ. ಇಬ್ಬರೂ ಕೆಡವುವುದು ಬೇಡ.

ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಅರ್ಧ ಮೀಟರ್ ದಪ್ಪದ ಕಪ್ಪು ಕಲ್ಲಿನ ಚಪ್ಪಡಿ ಸುಮಾರು ಒಂದೂವರೆ ಟನ್ ತೂಗುತ್ತದೆ. ಹೆಲ್ಮೆಟ್ ಅದಕ್ಕಲ್ಲ. ಹಾರೆಗೆ ಬಗ್ಗದ ದೊಡ್ಡ ಕಲ್ಲು ಇದ್ದರೆ ಹಟ ಹಿಡಿಯಬೇಡಿ. ಜಾಗಕ್ಕೆ ಬೇಲಿ ಹಾಕಿ, ಮೇಲಿನವರಿಗೆ ಹೇಳಿ.

ಹಂತ 3: ಬೋಲ್ಟ್ ಯಾವುದು, ಎಷ್ಟು ಉದ್ದ

ಬೋಲ್ಟ್‌ಗಳಲ್ಲಿ ಮುಖ್ಯವಾಗಿ ಮೂರು ಜಾತಿ.

ತುದಿಯಲ್ಲಿ ಅರಳಿ ಹಿಡಿಯುವುದು ಹಳೆಯದು. ನಟ್ ತಿರುಗಿಸಿದರೆ ತೂತಿನ ತಳದಲ್ಲಿ ಒಂದು ಚಿಪ್ಪು ಅರಳಿ ಕಚ್ಚಿಕೊಳ್ಳುತ್ತದೆ. ಹಾಕಿದ ತಕ್ಷಣ ಕೆಲಸ ಮಾಡುತ್ತದೆ. ಆದರೆ ಹತ್ತಿರದಲ್ಲಿ ಬ್ಲಾಸ್ಟ್ ಆದ ಹಾಗೆಲ್ಲ ಸಡಿಲವಾಗುತ್ತದೆ.

ಉಜ್ಜಿ ಹಿಡಿಯುವುದು ಎರಡನೆಯದು. ಉದ್ದಕ್ಕೆ ಸೀಳಿದ ಉಕ್ಕಿನ ಕೊಳವೆಯನ್ನು ಅದಕ್ಕಿಂತ ಸ್ವಲ್ಪ ಸಣ್ಣ ತೂತಿಗೆ ಬಡಿದು ತೂರಿಸುತ್ತಾರೆ. ಇದು ಸ್ಪ್ಲಿಟ್ ಸೆಟ್. ಇನ್ನೊಂದು ಮಡಿಚಿದ ಕೊಳವೆ. ಅದಕ್ಕೆ ಸುಮಾರು 300 ಬಾರ್ ಒತ್ತಡದ ನೀರು ಬಿಟ್ಟು ಉಬ್ಬಿಸುತ್ತಾರೆ. ಇದು ಸ್ವೆಲೆಕ್ಸ್. ಎರಡೂ ಬೇಗ ಆಗುವ ಕೆಲಸ. ಆದರೆ ಕೊಳವೆಯ ಗೋಡೆ ತೆಳು, ನೀರಿದ್ದ ಕಡೆ ತುಕ್ಕು ತಿಂದು ಹಾಕುತ್ತದೆ. ಕೆಲವು ತಿಂಗಳು ಬೇಕಾದ ಸುರಂಗಕ್ಕೆ ಸರಿ. ಹತ್ತು ವರ್ಷ ಓಡಾಡುವ ಮುಖ್ಯ ದಾರಿಗೆ ಇದೊಂದನ್ನೇ ನೆಚ್ಚಬೇಡಿ.

ಮೂರನೆಯದು ಉದ್ದಕ್ಕೂ ಅಂಟಿಸುವುದು. ಗೀರು ಇರುವ ಕಂಬಿಯನ್ನು ರೆಸಿನ್ ಅಥವಾ ಸಿಮೆಂಟ್‌ನಲ್ಲಿ ತುದಿಯಿಂದ ಬಾಯಿವರೆಗೆ ಕೂರಿಸುತ್ತಾರೆ. ಗಟ್ಟಿಯೂ ಹೌದು, ತುಕ್ಕಿಗೂ ರಕ್ಷಣೆ. ಈ ಲೇಖನದ ಮುಂದಿನ ಹಂತಗಳು ಇದರದ್ದೇ.

ಉದ್ದಕ್ಕೆ ಹಳೆಯ ಲೆಕ್ಕವೊಂದಿದೆ, ಇವತ್ತಿಗೂ ತಾಳೆ ನೋಡಲು ಒಳ್ಳೆಯದು. ಬೋಲ್ಟ್ ಉದ್ದ ಮೂರು ಅಳತೆಗಳಲ್ಲಿ ದೊಡ್ಡದಕ್ಕೆ ಸಮ ಇರಬೇಕು: ಬೋಲ್ಟ್‌ನಿಂದ ಬೋಲ್ಟ್‌ಗೆ ಇರುವ ದೂರದ ಎರಡರಷ್ಟು, ಸಡಿಲ ತುಂಡಿನ ಅಗಲದ ಮೂರರಷ್ಟು, ಸುರಂಗದ ಅಗಲ 6 ಮೀಟರ್ ಒಳಗಿದ್ದರೆ ಆ ಅಗಲದ ಅರ್ಧ.

ಉದಾಹರಣೆಗೆ 4 ಮೀಟರ್ ಅಗಲದ ಸುರಂಗ. ಸಡಿಲ ತುಂಡುಗಳು ಸುಮಾರು 80 ಸೆಂಟಿಮೀಟರ್. ಬೋಲ್ಟ್‌ಗಳು 1.2 ಮೀಟರ್‌ಗೊಂದು. ಆಗ ಎರಡರಷ್ಟು ದೂರ 2.4, ಮೂರರಷ್ಟು ತುಂಡು 2.4, ಅರ್ಧ ಅಗಲ 2. ಅಂದರೆ 2.4 ಮೀಟರ್ ಬೋಲ್ಟ್. ಈಗ ಭಾರ ನೋಡಿ. ರೂಫ್‌ನಲ್ಲಿ ಒಂದು ಮೀಟರ್ ದಪ್ಪ ಸಡಿಲವಾಗಿದೆ ಅಂದುಕೊಳ್ಳಿ. ಒಂದು ಬೋಲ್ಟ್ ಪಾಲಿಗೆ 1.2 × 1.2 × 1 ಘನ ಮೀಟರ್. ಘನ ಮೀಟರಿಗೆ 3 ಟನ್ ಹಿಡಿದರೆ 4.3 ಟನ್. ಕಂಬಿಯ ಶಕ್ತಿ 16 ಟನ್. ಮೂರೂವರೆ ಪಟ್ಟು ಹೆಚ್ಚೇ ಇದೆ. ಕಂಬಿ ಉಳಿಸಲು ಯಾರೋ 1.8 ಮೀಟರ್‌ಗೊಂದು ಹಾಕಿದರು ಅನ್ನಿ. ಪ್ರತಿ ಬೋಲ್ಟ್ ಪಾಲು 9.7 ಟನ್‌ಗೆ ಏರುತ್ತದೆ. ದೂರ ಒಂದೂವರೆ ಪಟ್ಟು ಆದರೆ ಭಾರ ಎರಡು ಪಟ್ಟಿಗೂ ಜಾಸ್ತಿ. ಇದು ಬಹಳ ಜನಕ್ಕೆ ಹೊಳೆಯುವುದಿಲ್ಲ.

ಎರಡು ಸುರಂಗ ಕೂಡುವ ಕಡೆ ಈ ಲೆಕ್ಕ ಬದಲಾಗುತ್ತದೆ. ತಲಾ 4 ಮೀಟರ್ ಅಗಲದ ಎರಡು ದಾರಿ ಸೇರಿದರೆ ಮೂಲೆಯಿಂದ ಮೂಲೆಗೆ ಸುಮಾರು 5.7 ಮೀಟರ್. ಅಲ್ಲಿಗೆ 3 ಮೀಟರ್ ಬೋಲ್ಟ್ ಬೇಕು. ಅದೂ ಅಡ್ಡ ದಾರಿ ಒಡೆಯುವ ಮೊದಲೇ ಹಾಕಿರಬೇಕು. ಒಡೆದ ಮೇಲಲ್ಲ.

ಹಂತ 4: ತೂತು ಕೊರೆಯಿರಿ

ಹಿಂದಿನ ಬ್ಲಾಸ್ಟ್‌ನಲ್ಲಿ ಉಳಿದ ತೂತಿನ ತಳಕ್ಕೆ ಸಾಕೆಟ್ ಅನ್ನುತ್ತಾರೆ. "ಅರ್ಧ ತೂತು ರೆಡಿ ಇದೆಯಲ್ಲ" ಅಂತ ಅದರೊಳಗೇ ಕೊರೆಯಬೇಡಿ. ಒಳಗೆ ಸಿಡಿಯದ ಮದ್ದು ಇದ್ದರೆ ಕಥೆ ಮುಗಿಯಿತು.

ನೀರು ಬಿಟ್ಟೇ ಕೊರೆಯಿರಿ. ಒಣ ಕೊರೆತದ ದೂಳಿನಲ್ಲಿ ಸಿಲಿಕಾ ಇರುತ್ತದೆ. ಅದು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ತರುತ್ತದೆ. ಕೆಜಿಎಫ್‌ನ ಹಳೆ ಲೈನ್ ಮನೆಗಳಲ್ಲಿ, ಅಂದರೆ ಗಣಿ ಕಾರ್ಮಿಕರ ಸಾಲುಮನೆಗಳಲ್ಲಿ, ಈ ಕೆಮ್ಮನ್ನು ಯಾರಿಗೂ ವಿವರಿಸಬೇಕಾಗಿಲ್ಲ.

ತೂತು ಪದರಕ್ಕೆ ಅಡ್ಡವಾಗಿ ಹೋಗಬೇಕು. ಪದರದ ಜೊತೆಗೇ ಹೋದ ಬೋಲ್ಟ್ ಒಂದೇ ಚಪ್ಪಡಿಯೊಳಗೆ ಕೂತಿರುತ್ತದೆ, ಏನನ್ನೂ ಹೊಲಿಯುವುದಿಲ್ಲ. ಚಪ್ಪಡಿ ಬಿದ್ದರೆ ಬೋಲ್ಟ್ ಸಮೇತ ಬೀಳುತ್ತದೆ. ಯಂತ್ರ ತಿರುಗಿಸಲು ಜಾಗ ಇಲ್ಲ ಅಂತ ಓರೆ ಕೊರೆಯುವುದು ದಿನನಿತ್ಯ ನಡೆಯುವ ತಪ್ಪು.

ಆಳಕ್ಕೆ ಡ್ರಿಲ್ ರಾಡ್ ಮೇಲೆ ಟೇಪ್ ಸುತ್ತಿ ಗುರುತು ಮಾಡಿ. ತೂತು ಗಿಡ್ಡವಾದರೆ ಪ್ಲೇಟ್ ಬಂಡೆಗೆ ತಾಗದೆ ನೇತಾಡುತ್ತದೆ. ಉದ್ದವಾದರೆ ರೆಸಿನ್ ತಳದ ಖಾಲಿ ಜಾಗಕ್ಕೆ ಹೋಗಿ ಬೋಲ್ಟ್‌ಗೆ ಸಾಲುವುದಿಲ್ಲ. ಮುಗಿದ ಮೇಲೆ ನೀರು, ಗಾಳಿ ಬಿಟ್ಟು ತೊಳೆಯಿರಿ. ಕೆಸರಿನ ಮೇಲೆ ಯಾವ ಅಂಟೂ ನಿಲ್ಲುವುದಿಲ್ಲ.

ಇನ್ನು ಬಿಟ್ ಅಳತೆ. "ನಾಲ್ಕು ಮಿಲಿಮೀಟರ್ ಹೆಚ್ಚಾದರೆ ಏನ್ ಮಹಾ" ಅನ್ನುವವರಿಗೆ ಈ ಲೆಕ್ಕ. 20 ಮಿಲಿಮೀಟರ್ ಕಂಬಿ, 28 ಮಿಲಿಮೀಟರ್ ತೂತು, 2.4 ಮೀಟರ್ ಆಳ. ಕಂಬಿ ಮತ್ತು ಬಂಡೆ ನಡುವಿನ ಜಾಗ ಸುಮಾರು 0.72 ಲೀಟರ್. 24 ಮಿಲಿಮೀಟರ್ ದಪ್ಪ, 300 ಮಿಲಿಮೀಟರ್ ಉದ್ದದ ಆರು ರೆಸಿನ್ ಕ್ಯಾಪ್ಸೂಲ್ ಹಾಕಿದರೆ ಪೂರ್ತಿ ತುಂಬಿ ಸ್ವಲ್ಪ ಉಳಿಯುತ್ತದೆ. ಸ್ಟೋರಿನಲ್ಲಿ 28ರ ಬಿಟ್ ಇಲ್ಲ ಅಂತ 32ರಲ್ಲಿ ಕೊರೆದರು ಅನ್ನಿ. ಈಗ ಖಾಲಿ ಜಾಗ 1.18 ಲೀಟರ್. ಅದೇ ಆರು ಕ್ಯಾಪ್ಸೂಲ್ ತುಂಬುವುದು 1.66 ಮೀಟರ್ ಮಾತ್ರ. ಮುಕ್ಕಾಲು ಮೀಟರ್ ಕಂಬಿ ಬರಿದಾಗಿ ನಿಂತಿದೆ. ಕೆಳಗಿನಿಂದ ನೋಡಿದರೆ? ಅದೇ ಪ್ಲೇಟ್, ಅದೇ ನಟ್.

ಸ್ಪ್ಲಿಟ್ ಸೆಟ್‌ಗೆ ಇದು ಇನ್ನೂ ಕಟ್ಟುನಿಟ್ಟು. 39 ಮಿಲಿಮೀಟರ್ ಕೊಳವೆಗೆ 35ರಿಂದ 38ರ ತೂತು ಬೇಕು. ಕೈಯಲ್ಲೇ ಸಲೀಸಾಗಿ ಒಳಗೆ ಹೋಯಿತು ಅಂದರೆ ಖುಷಿ ಪಡಬೇಡಿ, ಅದು ಹಿಡಿದೇ ಇಲ್ಲ.

ಹಂತ 5: ಅಂಟಿಸಿ

*ರೆಸಿನ್ ಆದರೆ:* ರೆಸಿನ್ ಕ್ಯಾಪ್ಸೂಲ್ ಒಂದು ಪ್ಲಾಸ್ಟಿಕ್ ಕಡ್ಡಿ. ಒಳಗೆ ಎರಡು ಕೋಣೆ. ಒಂದರಲ್ಲಿ ಅಂಟು, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ರಾಸಾಯನಿಕ. ಬೋಲ್ಟ್ ತಿರುಗುತ್ತಾ ಒಳಗೆ ಹೋದಾಗ ಪ್ಲಾಸ್ಟಿಕ್ ಹರಿದು ಎರಡೂ ಕಲೆಯುತ್ತವೆ.

ಬೇಗ ಗಟ್ಟಿಯಾಗುವ ಕ್ಯಾಪ್ಸೂಲ್ ಮೊದಲು, ಅಂದರೆ ತಳಕ್ಕೆ. ನಿಧಾನದ್ದು ಆಮೇಲೆ, ಬಾಯಿ ಕಡೆಗೆ. ತಳ ಗಟ್ಟಿಯಾದ ಕೂಡಲೇ, ಉಳಿದದ್ದು ಮೆತ್ತಗಿರುವಾಗಲೇ ನಟ್ ಬಿಗಿ ಮಾಡಬಹುದು. ಹಾಗೆ ಮಾಡಿದರೆ ಬಿಗಿ ಬೋಲ್ಟ್‌ನ ಉದ್ದಕ್ಕೂ ಉಳಿಯುತ್ತದೆ. ಉಲ್ಟಾ ಹಾಕಿದರೆ ಬಾಯಿ ಮೊದಲು ಗಟ್ಟಿಯಾಗುತ್ತದೆ. ನೀವು ಎಷ್ಟೇ ತಿರುಗಿಸಿ, ಬಿಗಿ ಒಳಗೆ ಹೋಗುವುದಿಲ್ಲ.

ಎಷ್ಟು ಸೆಕೆಂಡ್ ತಿರುಗಿಸಬೇಕು, ಎಷ್ಟು ಸೆಕೆಂಡ್ ಅಲ್ಲಾಡಿಸದೆ ಹಿಡಿಯಬೇಕು ಅಂತ ಪೆಟ್ಟಿಗೆ ಮೇಲೆ ಬರೆದಿರುತ್ತದೆ. ಅದನ್ನು ಅಕ್ಷರಶಃ ಪಾಲಿಸಿ. ಕಡಿಮೆ ತಿರುಗಿಸಿದರೆ ಕಲೆಯುವುದಿಲ್ಲ. ಪ್ಲಾಸ್ಟಿಕ್ ಹರಿಯದೆ ಕಂಬಿಗೆ ಗ್ಲೌಸಿನ ಹಾಗೆ ಸುತ್ತಿಕೊಂಡು, ರೆಸಿನ್ ಬಂಡೆಗೆ ಹಿಡಿಯುವುದೇ ಇಲ್ಲ. "ಇನ್ನೊಂದು ಹತ್ತು ಸೆಕೆಂಡ್ ತಿರುಗಿಸಿದರೆ ಒಳ್ಳೆಯದಲ್ವಾ?" ಅಂತ ಕೇಳುತ್ತಾರೆ. ಒಳ್ಳೆಯದಲ್ಲ. ಗಟ್ಟಿಯಾಗುತ್ತಿರುವ ಅಂಟನ್ನು ಮತ್ತೆ ತಿರುಗಿಸಿದರೆ ಅದು ಪುಡಿಯಾಗುತ್ತದೆ, ಮತ್ತೆ ಕೂಡುವುದಿಲ್ಲ.

ಶಾಖ ಇಲ್ಲಿ ದೊಡ್ಡ ವಿಷಯ. ಬಿಸಿ ಹೆಚ್ಚಿದಷ್ಟೂ ರೆಸಿನ್ ಬೇಗ ಗಟ್ಟಿಯಾಗುತ್ತದೆ. ಕೆಜಿಎಫ್‌ನ ತಳದಲ್ಲಿ ಬಂಡೆಯ ಬಿಸಿಯೇ 60 ಡಿಗ್ರಿ ದಾಟಿತ್ತು. ಆಳದ ಗಣಿಯಲ್ಲಿ ಬೋಲ್ಟ್ ಅರ್ಧ ಹೋಗುವಾಗಲೇ ಅಂಟು ಬಿಗಿಯುವುದು ಇದಕ್ಕೇ. ನಾನು ಕೆಲಸ ಮಾಡಿದ ಒಂದು ಕಡೆ ಪೆಟ್ಟಿಗೆಗಳನ್ನು ಬೇಸಿಗೆಯಲ್ಲಿ ಸಿಂಕ್ ಶೀಟ್ ಶೆಡ್ಡಿನಲ್ಲಿ ಇಟ್ಟಿದ್ದರು. ಕ್ಯಾಪ್ಸೂಲ್‌ಗಳು ಕಲ್ಲುಸಕ್ಕರೆ ಆಗಿದ್ದವು. ತಂಪಾದ, ನೆರಳಿನ ಜಾಗದಲ್ಲಿ ಇಡಿ. ತಾರೀಖು ನೋಡಿ ಹಳೆಯದನ್ನು ಮೊದಲು ಖರ್ಚು ಮಾಡಿ. ಅವಧಿ ಮುಗಿದದ್ದನ್ನು ಬಿಸಾಡಿ. ಕಡ್ಡಿಯನ್ನು ಬೆರಳಲ್ಲಿ ಒತ್ತಿದರೆ ಮೆತ್ತಗಿರಬೇಕು. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಬೇಕೇ ಬೇಕು.

*ಸಿಮೆಂಟ್ ಆದರೆ:* ಎಲ್ಲ ನಿಂತಿರುವುದು ನೀರಿನ ಮೇಲೆ. ಸಿಮೆಂಟ್ ತೂಕದ 0.35ರಿಂದ 0.4 ಪಾಲು ನೀರು. 50 ಕಿಲೋ ಚೀಲಕ್ಕೆ ಹದಿನೇಳೂವರೆಯಿಂದ 20 ಲೀಟರ್, ಅಷ್ಟೇ. ಕೈಯಲ್ಲಿ ತೆಗೆದುಕೊಂಡರೆ ಗಟ್ಟಿ ಕಡಲೆ ಚಟ್ನಿ ಹಾಗಿರಬೇಕು. ಪಂಪ್ ಕಟ್ಟಿಕೊಳ್ಳುತ್ತೆ ಅಂತ ಯಾರೋ ಒಬ್ಬರು ಅರ್ಧ ಬಕೆಟ್ ನೀರು ಸುರಿಯುತ್ತಾರೆ. ಅದು ಅಂಬಲಿ ಆಗುತ್ತದೆ. ತಲೆ ಮೇಲಿನ ತೂತಿನಿಂದ ಸೋರಿ ಬರುತ್ತದೆ. ಉಳಿದದ್ದರಲ್ಲಿ ನೀರು ಆರಿ ಪೊಳ್ಳು ಬೀಳುತ್ತದೆ.

ಮೇಲಕ್ಕೆ ಕೊರೆದ ತೂತಿಗೆ ಬಾಯಿಂದ ತುಂಬಬೇಡಿ. ಪೈಪನ್ನು ತಳದವರೆಗೆ ತೂರಿಸಿ, ತಳದಿಂದ ತುಂಬುತ್ತಾ ನಿಧಾನವಾಗಿ ಹೊರಗೆ ಎಳೆಯಿರಿ. ಪೈಪನ್ನು ಗ್ರೌಟೇ, ಅಂದರೆ ಆ ಸಿಮೆಂಟ್ ಹದವೇ, ಹೊರಕ್ಕೆ ತಳ್ಳುವ ಹಾಗಿರಬೇಕು. ನೀವು ಅವಸರದಲ್ಲಿ ಎಳೆದರೆ ನಡುವೆ ಗಾಳಿ ಉಳಿಯುತ್ತದೆ. ಇದು ಅವತ್ತೇ ಭಾರ ಹಿಡಿಯುವುದಿಲ್ಲ ಅನ್ನುವುದೂ ನೆನಪಿರಲಿ. ಗಟ್ಟಿಯಾಗುವವರೆಗೆ ನಟ್ ಬಿಗಿಯಬೇಡಿ. ಅಲ್ಲಿಯವರೆಗೆ ಆ ಜಾಗಕ್ಕೆ ಬೇರೆ ಆಸರೆ ಬೇಕು.

ತೂತಿನಿಂದ ನೀರು ಹರಿಯುತ್ತಿದ್ದರೆ ಎರಡೂ ಕೆಲಸ ಮಾಡುವುದಿಲ್ಲ. ಪಕ್ಕದಲ್ಲಿ ಇನ್ನೊಂದು ತೂತು ಕೊರೆದು ನೀರಿಗೆ ದಾರಿ ಕೊಡಿ, ಆಮೇಲೆ ಬೋಲ್ಟ್.

ಹಂತ 6: ಪ್ಲೇಟ್, ಮೆಶ್, ಶಾಟ್‌ಕ್ರೀಟ್

ಪ್ಲೇಟ್ ಬಂಡೆಗೆ ಪೂರ್ತಿ ತಾಗಲಿ. ಬಂಡೆ ಓರೆಯಿದ್ದರೆ ಗುಮ್ಮಟದ ವಾಷರ್ ಹಾಕಿ. ಇಲ್ಲದಿದ್ದರೆ ಕಂಬಿ ಬಾಯಲ್ಲೇ ಬಾಗಿ ಅಲ್ಲೇ ಮುರಿಯುತ್ತದೆ.

ಬೋಲ್ಟ್ ದೊಡ್ಡ ತುಂಡನ್ನು ಹಿಡಿಯುತ್ತದೆ. ಎರಡು ಬೋಲ್ಟ್ ನಡುವಿನ ಪುಡಿಗಲ್ಲಿಗೆ ಮೆಶ್ ಬೇಕು. ಸಾಮಾನ್ಯವಾಗಿ 100 ಮಿಲಿಮೀಟರ್ ಕಣ್ಣಿನದು. ಒಂದು ಹಾಳೆ ಇನ್ನೊಂದರ ಮೇಲೆ ಕನಿಷ್ಠ ಒಂದೆರಡು ಕಣ್ಣು ಬರಲಿ, ಆ ಜೋಡಣೆಯ ಮೇಲೇ ಪ್ಲೇಟ್ ಕೂರಲಿ. ಶಾಟ್‌ಕ್ರೀಟ್ ಅಂದರೆ ಗಾಳಿಯ ಒತ್ತಡದಿಂದ ಬಂಡೆಗೆ ಹೊಡೆಯುವ ಕಾಂಕ್ರೀಟ್. ತೊಳೆಯದ ಬಂಡೆಗೆ ಹೊಡೆದರೆ ದೂಳಿಗೆ ಅಂಟಿ ಹಾಳೆಯಾಗಿ ಕಳಚುತ್ತದೆ. ಹೊಸದಾಗಿ ಹೊಡೆದ ಶಾಟ್‌ಕ್ರೀಟ್ ಕೆಳಗೆ ಓಡಾಡಬೇಡಿ. ಅದು ಬಿಗಿದಿದೆ ಅಂತ ಪರೀಕ್ಷೆ ಮಾಡಿದವರು ಹೇಳಲಿ. ಇನ್ನೊಂದು ತೊಂದರೆ: ಅದು ಬಿರುಕನ್ನು ಮುಚ್ಚಿ ಚೆಂದ ಕಾಣುತ್ತದೆ. ಹಂತ 1ರಲ್ಲಿ ಬರೆದುಕೊಂಡದ್ದು ಆಗ ಕೆಲಸಕ್ಕೆ ಬರುತ್ತದೆ.

ಹಂತ 7: ಎಳೆದು ನೋಡಿ, ಆದರೆ ಮೋಸ ಹೋಗಬೇಡಿ

ಪುಲ್ ಟೆಸ್ಟ್ ಅಂದರೆ ನಡುವೆ ತೂತಿರುವ ಹೈಡ್ರಾಲಿಕ್ ಜಾಕ್ ಕೂರಿಸಿ ಬೋಲ್ಟ್ ಎಳೆಯುವುದು. ಮಾಪಕದ ಒತ್ತಡವನ್ನು ಜಾಕ್‌ನ ಪಿಸ್ಟನ್ ವಿಸ್ತೀರ್ಣದಿಂದ ಗುಣಿಸಿದರೆ ಎಷ್ಟು ಟನ್ ಅಂತ ಸಿಗುತ್ತದೆ. ಎಳೆಯುವಾಗ ಬೋಲ್ಟ್‌ನ ನೇರಕ್ಕೆ ಯಾರೂ ನಿಲ್ಲಬಾರದು. ಕಂಬಿ ತುಂಡಾದರೆ ಗುಂಡಿನ ಹಾಗೆ ಬರುತ್ತದೆ.

ಈಗ ಮೋಸದ ವಿಷಯ. ಒಳ್ಳೆಯ ಬಂಡೆಯಲ್ಲಿ ಸರಿಯಾಗಿ ಅಂಟಿದ 30ರಿಂದ 50 ಸೆಂಟಿಮೀಟರ್ ಸಾಕು, ಕಂಬಿಯ ಪೂರ್ತಿ ಶಕ್ತಿ ಹಿಡಿಯಲು. ಅಂದರೆ 2.4 ಮೀಟರ್ ಬೋಲ್ಟ್‌ನಲ್ಲಿ ಎರಡು ಮೀಟರ್ ಖಾಲಿ ಇದ್ದರೂ ಅದು ಪುಲ್ ಟೆಸ್ಟ್ ಪಾಸಾಗಬಹುದು! ಅಂಟಿದ ಭಾಗ ಬಾಯಿ ಹತ್ತಿರವೇ ಇದ್ದರೆ ನೀವು ಎಳೆದು ನೋಡಿದ್ದು ಸಡಿಲ ಚಪ್ಪಡಿಯ ಹಿಡಿತವನ್ನು. ಹಿಂದಿನ ಗಟ್ಟಿ ಬಂಡೆಗೆ ಬೋಲ್ಟ್ ಹಿಡಿದಿದೆಯಾ ಅನ್ನುವುದಕ್ಕೆ ಅದರಲ್ಲಿ ಉತ್ತರವಿಲ್ಲ.

ಅದಕ್ಕೆ ಬೇಕೆಂದೇ ತಳದ 30 ಸೆಂಟಿಮೀಟರ್ ಮಾತ್ರ ಅಂಟಿಸಿ ಎಳೆಯುವ ಪರೀಕ್ಷೆ ಇದೆ. ಹೊಸ ರೆಸಿನ್ ಬಂದಾಗ, ಬಂಡೆ ಬದಲಾದಾಗ, ಬಿಟ್ ಬದಲಾದಾಗ ಅದನ್ನು ಮಾಡಿಸಲು ಕೇಳಿ. ಆ ಬೋಲ್ಟ್ ಪರೀಕ್ಷೆಗೆ ಮಾತ್ರ. ಲೆಕ್ಕದ ಬೋಲ್ಟ್‌ಗಳಲ್ಲಿ ಸೇರಿಸಬೇಡಿ. ಇದರ ಜೊತೆಗೆ ನೋಟ್‌ಬುಕ್: ಯಾವ ಬೋಲ್ಟ್‌ಗೆ ಎಷ್ಟು ಕ್ಯಾಪ್ಸೂಲ್, ಬಾಯಲ್ಲಿ ರೆಸಿನ್ ಹೊರಬಂತಾ, ನಟ್ ಬಿಗಿಯಾಯಿತಾ. ಹೊರಬರದಿದ್ದ ಬೋಲ್ಟ್‌ಗೆ ಕೆಂಪು ಬಣ್ಣ ಹೊಡೆದು ಪಕ್ಕದಲ್ಲಿ ಇನ್ನೊಂದು ಹಾಕಿ. ಬೈಗುಳ ಬಿದ್ದರೂ ಬೀಳಲಿ.

ಹಂತ 8: ಹಾಕಿದ ಮೇಲೆ ನೋಡುತ್ತಾ ಇರಿ

ಪ್ಲೇಟ್ ತಟ್ಟೆಯ ಹಾಗೆ ಒಳಕ್ಕೆ ಬಾಗಿದೆಯಾ? ಬೋಲ್ಟ್ ಮೇಲೆ ಭಾರ ಬಂದಿದೆ. ಪ್ಲೇಟ್ ಕೈಯಲ್ಲಿ ತಿರುಗುತ್ತಿದೆಯಾ? ಹಿಂದಿನ ಕಲ್ಲು ಉದುರಿದೆ, ಅಥವಾ ನಟ್ ಬಿಟ್ಟಿದೆ. ಮೆಶ್ ಹೊಟ್ಟೆ ಬಿಟ್ಟಿದೆಯಾ? ಶಾಟ್‌ಕ್ರೀಟ್‌ನಲ್ಲಿ ಹೊಸ ಬಿರುಕಾ? ಬಿರುಕಿನ ಎರಡು ತುದಿಗೆ ಬಣ್ಣದ ಗೆರೆ ಎಳೆದು ತಾರೀಖು ಬರೆಯಿರಿ. ನಾಳೆ ಗೆರೆ ದಾಟಿದ್ದರೆ ಬಂಡೆ ಇನ್ನೂ ಸರಿಯುತ್ತಿದೆ ಅಂತ ಅರ್ಥ. ರೂಫ್ ಎಷ್ಟು ಇಳಿದಿದೆ ಅಂತ ಹಸಿರು, ಹಳದಿ, ಕೆಂಪು ಪಟ್ಟಿಯಲ್ಲಿ ತೋರಿಸುವ ಟೆಲ್‌ಟೇಲ್ ಅನ್ನುವ ಸಣ್ಣ ಸಾಧನವೂ ಇದೆ. ಇದ್ದರೆ ದಿನಾ ಅದರ ಮುಖ ನೋಡಿ ಮುಂದೆ ಹೋಗಿ.

ಬಂಡೆ ಸಿಡಿಯುವ ಗಣಿಯಲ್ಲಿ

ಇದನ್ನು ಹೇಳದೆ ಕೆಜಿಎಫ್‌ನವರು ಯಾರೂ ಈ ಮಾತು ಮುಗಿಸಲಾರರು. ಆಳದಲ್ಲಿ ಒತ್ತಡ ಹಿಡಿದಿಟ್ಟ ಗಟ್ಟಿ ಬಂಡೆ ಒಮ್ಮೆಲೇ ಸಿಡಿಯುತ್ತದೆ. ಇದೇ ರಾಕ್ ಬರ್ಸ್ಟ್. ಹಳಬರು ಏರ್ ಬ್ಲಾಸ್ಟ್ ಅನ್ನುತ್ತಿದ್ದರು. ಮೇಲಿನ ಲೈನ್ ಮನೆಗಳಲ್ಲಿ ಪಾತ್ರೆ ಅಲ್ಲಾಡುತ್ತಿತ್ತು. ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ 1988ರಲ್ಲಿ ಕೆಜಿಎಫ್‌ನಲ್ಲೇ ಶುರುವಾದದ್ದು ಸುಮ್ನೆ ಅಲ್ಲ.

ಇಂಥ ಕಡೆ ಉದ್ದಕ್ಕೂ ಗಟ್ಟಿಯಾಗಿ ಅಂಟಿಸಿದ ಕಂಬಿಯೇ ತೊಂದರೆ ಕೊಡಬಹುದು. ಬಂಡೆ ಒಮ್ಮೆಲೇ ಒಂದು ಬಿರುಕಿನಲ್ಲಿ ಹಿಗ್ಗಿದಾಗ ಕಂಬಿಗೆ ಹಿಗ್ಗಲು ಅಲ್ಲಿ ಒಂದೆರಡು ಬೆರಳಷ್ಟೇ ಉದ್ದ ಸಿಗುತ್ತದೆ. ಅಲ್ಲೇ ಪಟ್ ಅಂತ ಕಡಿದುಹೋಗುತ್ತದೆ. ಅದಕ್ಕೆ ದಕ್ಷಿಣ ಆಫ್ರಿಕಾದ ಆಳದ ಚಿನ್ನದ ಗಣಿಗಳಲ್ಲಿ ಕೋನ್ ಬೋಲ್ಟ್ ಮಾಡಿದರು. ನುಣುಪಾದ ಕಂಬಿ, ತುದಿಯಲ್ಲಿ ಶಂಕುವಿನ ಆಕಾರ. ಬಂಡೆ ತಳ್ಳಿದಾಗ ಆ ಶಂಕು ಗ್ರೌಟ್ ಒಳಗೆ ಉಳುತ್ತಾ ನಿಧಾನವಾಗಿ ಸರಿಯುತ್ತದೆ. ಬಿಡುವುದಿಲ್ಲ, ಕಡಿಯುವುದೂ ಇಲ್ಲ. ಜೊತೆಗೆ ಮೆಶ್ ಬೇಕೇ ಬೇಕು, ಯಾಕೆಂದರೆ ಸಿಡಿದ ಚೂರು ಬೋಲ್ಟ್‌ಗಳ ನಡುವಿನಿಂದಲೇ ಬರುವುದು.

ನೀವು ಸೇರುವ ಗಣಿ ಆಳದ್ದಾಗಿದ್ದರೆ ಮೊದಲ ದಿನವೇ ಎರಡು ಪ್ರಶ್ನೆ ಕೇಳಿ. ಇಲ್ಲಿ ಬಂಡೆ ಸಿಡಿದದ್ದು ಇದೆಯಾ? ಇದ್ದರೆ ಆ ಜಾಗದಲ್ಲಿ ಯಾವ ಬೋಲ್ಟ್ ಹಾಕುತ್ತೀರಿ? ಬ್ಲಾಸ್ಟ್ ಆದ ಮೇಲೆ ಎಷ್ಟು ಹೊತ್ತು ಒಳಗೆ ಹೋಗಬಾರದು ಅಂತ ಬೋರ್ಡಿನಲ್ಲಿ ಬರೆದಿರುತ್ತಾರೆ. ಒಳಗೆ ಬಂಡೆ ಚಟಪಟ ಅನ್ನುತ್ತಿದ್ದರೆ ಬೋರ್ಡಿನ ಸಮಯ ಮುಗಿದಿದ್ದರೂ ಹೋಗಬೇಡಿ. ಸದ್ದು ನಿಲ್ಲಲಿ, ಫೋರ್‌ಮನ್ ನೋಡಿ ಬರಲಿ, ಆಮೇಲೆ ಹಂತ 2ರಿಂದ ಮತ್ತೆ ಶುರು ಮಾಡಿ.